ಡಿಕ್ಕಿಯಲ್ಲಿ ಬೀಗತನ

ಪ್ರೊಕೋಪಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಹೆಸರಿನಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದ ಪ್ರಾಣಿ. (ಹೆಸರಿಟ್ಟ ಅವನಜ್ಜಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಎಷ್ಟು ಕರಾರುವಾಕ್ಕಾಗಿ ಇಟ್ಟಿದ್ದಾಳೆ ನೋಡಿ.) ಯಾಕುತ್ಸ್ಕ್ ಬಸ್ ಡಿಪೋದಲ್ಲಿ ಅರ್ಧ ಆಯುಷ್ಯ ಕೂತು, ಯಾವ ಬಸ್ಸು ಯಾವಾಗ ಹೊರಡಬೇಕು, ಯಾವ ಡ್ರೈವರು ಯಾವಾಗ ಚಹಾ ಕುಡಿಯಬೇಕು ಎಂದು ಆಜ್ಞಾಪಿಸಿದವನು ಅವನು. ಅಂಥವನಿಗೆ ತನ್ನ ಸ್ವಂತ ಕಾರು ಸ್ವಂತ ಮನೆಯಿಂದ ಯಾವಾಗ ಹೊರಡಬೇಕು ಎಂದು ಹೇಳುವ ಅಧಿಕಾರ ಇಲ್ಲವಲ್ಲ ಎಂಬುದು ಆ ಜನವರಿಯ ಸಿಟ್ಟು. ಅಧಿಕಾರವೆಲ್ಲ ಇದ್ದದ್ದು ಅಕುಲೀನಾಳ ಬಳಿ. ಅಕುಲೀನಾ ಅವನ ಹೆಂಡತಿ.

ವಿಷಯ ಇಷ್ಟೇ. ಮಗ ದುಲುಸ್ತಾನ್ ದಕ್ಷಿಣದ ನೆರ್ಯುಂಗ್ರಿಯ ಕಲ್ಲಿದ್ದಲು ಗಣಿಯಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದ. ಅಲ್ಲೇ ಒಂದು ಹುಡುಗಿಯನ್ನೂ ನೋಡಿಕೊಂಡ. ಹೆಸರು ನಿಕಾ, ರಷ್ಯನ್ನರ ಪೈಕಿ, ಅಪ್ಪ ಗೆನ್ನಾದಿ ಅದೇ ಗಣಿಯಲ್ಲಿ ಮೇಸ್ತ್ರಿ. ಹುಡುಗನ ಅಪ್ಪ ಅಮ್ಮ ಬರಲಿ, ಒಟ್ಟಿಗೆ ಕೂತು ಉಂಡು ಮಾತು ಮುಗಿಸೋಣ ಎಂದು ಅವರು ಹೇಳಿ ಕಳಿಸಿದ್ದರು. ಹೆಣ್ಣಿನ ಮನೆಗೆ ಪ್ರೊಕೋಪಿಯಂಥ ಯಾಕುತ್ಸ್ಕ್ ಕಡೆಯ ಸಖಾ ಜನ ಬರಿಗೈಯಲ್ಲಿ ಹೋಗುವುದುಂಟೇ? ಹೋದರೆ ಮಗ ಜೀವಮಾನವಿಡೀ ಮಾವನ ಮುಂದೆ ತಲೆ ತಗ್ಗಿಸಿಕೊಂಡು ಕೂರಬೇಕು. ಸಾಲದ್ದಕ್ಕೆ ಪ್ರೊಕೋಪಿ ಫೋನಿನಲ್ಲಿ ಜಂಬ ಬೇರೆ ಕೊಚ್ಚಿದ್ದ.

"ನೀವೇನೂ ಮಾಡಿಡಬೇಡಿ ಬೀಗರೇ. ಒಂದು ರೊಟ್ಟಿ, ಒಂದಿಷ್ಟು ಉಪ್ಪು ಇಟ್ಕೊಂಡಿರಿ ಸಾಕು. ಮಿಕ್ಕಿದ್ದೆಲ್ಲ ನಮ್ಮ ಡಿಕ್ಕೀಲಿ ಬರುತ್ತೆ. ಮೀನು ಅಂದ್ರೆ ಏನು ಅಂತ ನಿಮಗೆ ತೋರಿಸ್ತೀವಿ."

ಇನ್ನೂ ಹೆಣ್ಣು ಕೇಳಿಲ್ಲ, ಆಗಲೇ ಬೀಗರಂತೆ, ಎಂದು ಅಕುಲೀನಾ ಪಕ್ಕದಲ್ಲೇ ನಿಂತು ಹಣೆ ಚಚ್ಚಿಕೊಂಡಳು.

ಡಿಕ್ಕಿಯಲ್ಲಿ ಬರಬೇಕಾದದ್ದು ಏನೆಂದರೆ, ಅಕುಲೀನಾಳ ತಮ್ಮ ಉತ್ತರದಲ್ಲಿ ಇಂದಿಗಿರ್ಕಾ ನದಿಯ ಮಂಜುಗಡ್ಡೆ ಕೊರೆದು ಹಿಡಿದು ವಿಮಾನದಲ್ಲಿ ಕಳಿಸಿದ ಚಿರ್ ಮೀನು, ಒಂದೊಂದೂ ತೋಳುದ್ದ, ಸೌದೆಯ ಹಾಗೆ ಸೆಟೆದದ್ದು, ಕರಗಿಸದೆ ಹಸಿಯಾಗಿಯೇ ಹೆರೆದು ತಿನ್ನುವಂಥದ್ದು. ಅವಳ ಚಿಕ್ಕಮ್ಮ ಕೊಟ್ಟ ಕುದುರೆಮರಿಯ ಮಾಂಸ. ತಟ್ಟೆಯಲ್ಲಿ ಹುಯ್ದು ಗಟ್ಟಿ ಮಾಡಿದ ಹಾಲಿನ ಬಿಲ್ಲೆಗಳು. ಕೆನೆಯನ್ನು ಕೆಂಪು ಕಾಡುಹಣ್ಣಿನ ಜೊತೆ ಕಡೆದು ಅವಳೇ ಮಾಡಿದ್ದ ಸಿಹಿ ಉಂಡೆಗಳು. ಎಲ್ಲವೂ ತವರಿನ ಕಡೆಯದು ಅಥವಾ ಅವಳ ಕೈಯದು ಎಂಬುದನ್ನು ಗಮನಿಸಬೇಕು. ಪ್ರೊಕೋಪಿಯ ಕೊಡುಗೆ ಜಂಬ ಮಾತ್ರ. ಈ ಸಕಲ ಐಶ್ವರ್ಯವೂ ನವೆಂಬರಿನಿಂದ ಬಾಲ್ಕನಿಯಲ್ಲಿ ಸಾಲುಗಟ್ಟಿ ಕೂತಿತ್ತು. ಯಾಕುತ್ಸ್ಕ್‌ನಲ್ಲಿ ಚಳಿಗಾಲಕ್ಕೆ ಬಾಲ್ಕನಿಯೇ ಉಗ್ರಾಣ. ಫ್ರಿಜ್ಜು ಇರುವುದು ಹಾಲು ಕಲ್ಲಾಗದಂತೆ ಬೆಚ್ಚಗಿಡುವುದಕ್ಕೆ.

ಜಗಳ ಶುರುವಾದದ್ದು ಹೇಗೆ ಹೋಗುವುದು ಎಂಬುದರಿಂದ. ರೈಲಿದೆ, ಮಲಗಿಕೊಂಡು ಹೋಗೋಣ ಎಂದಳು ಅಕುಲೀನಾ. ಪ್ರೊಕೋಪಿ ಉರಿದುಬಿದ್ದ. ರೈಲಿನ ಡಬ್ಬಿ ಅಂದರೆ ಒಲೆ, ಮೀನು ಆ ಊರು ಮುಟ್ಟುವ ಹೊತ್ತಿಗೆ ಸಾರಾಗಿರುತ್ತದೆ, ನಿನಗೆ ಅಷ್ಟೂ ತಿಳಿಯುವುದಿಲ್ಲವೇ ಎಂದು ಕೇಳಿದ. (ಈ ಮಾತು ಆಡಿದ್ದು ಸಾಕ್ಷಾತ್ ಅವನೇ. ಓದುಗರು ಮರೆಯಬಾರದು.) ಕಾರಿನಲ್ಲಾದರೆ ಡಿಕ್ಕಿಯೇ ಶೀತಲ ಭಂಡಾರ. ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಅಲ್ಲಿರಬಹುದು.

"ಹೊರಟ್ರೆ ತಾನೆ," ಎಂದಳು ಅಕುಲೀನಾ. "ಹೋದ ವರ್ಷ ನಮ್ಮಕ್ಕನ ಮಗಳ ಮದುವೆ ದಿನ ಇಡೀ ವಠಾರ ನಿಂತು ತಳ್ತು. ನಾನು ರೇಷ್ಮೆ ಸ್ಕಾರ್ಫ್ ಕಟ್ಕೊಂಡು ತಳ್ದೆ. ಎದ್ದೇಳ್ತಾ ನಿನ್ನ ಕಾರು? ಅದಕ್ಕೆ ನತಾಶಾ ಬಿಟ್ಟು ಎದ್ದೇಳೋಕೆ ಮನಸ್ಸಿಲ್ಲ ಮುದುಕಾ."

ಚಳಿಗಾಲದಲ್ಲಿ ಕಾರಿಗೆ ಹೊದಿಸುವ ದಪ್ಪ ಕೌದಿಯನ್ನು ಆ ಊರಿನವರೆಲ್ಲ ನತಾಶಾ ಎಂದೇ ಕರೆಯುತ್ತಾರೆ. ಯಾವ ಪುಣ್ಯಾತ್ಮ ಆ ಹೆಸರಿಟ್ಟನೋ, ಪ್ರೊಕೋಪಿಯ ಸಂಸಾರಕ್ಕೆ ಬೆಂಕಿ ಇಟ್ಟ. ಸಂಜೆಯಾದರೆ ನತಾಶಾ ಎಲ್ಲಿ, ನತಾಶಾ ಎಲ್ಲಿ ಎಂದು ಓಡುತ್ತಾನೆ, ಕಟ್ಟಿಕೊಂಡವಳ ಕಾಲು ತಣ್ಣಗಿದೆಯಾ ಎಂದು ಒಂದು ದಿನ ಕೇಳಿದವನಲ್ಲ ಎಂದು ಅಕುಲೀನಾ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅಕ್ಕಪಕ್ಕದವರೂ ನಗುತ್ತಿದ್ದರು. ಪ್ರೊಕೋಪಿ ಹಲ್ಲು ಕಡಿಯುತ್ತಿದ್ದ.

ಈ ಸಲ ಅವಳ ಬಾಯಿ ಮುಚ್ಚಿಸಬೇಕು ಎಂದು ಅವನು ಶಪಥ ಮಾಡಿದ. ಶಪಥದ ಬೆನ್ನಿಗೇ ಒಂದು ದಿವ್ಯವಾದ ಉಪಾಯವೂ ಹೊಳೆಯಿತು. ಡಿಪೋದ ಗೆಳೆಯ ಸ್ಪಿರಿದೋನನ ಬಳಿ ಬಿಸಿನೀರಿನ ಪೈಪು ಹಾಯಿಸಿದ ಗ್ಯಾರೇಜು ಇತ್ತು. ಹೊರಗೆ ಉಗುಳಿದ್ದು ನೆಲ ಮುಟ್ಟುವ ಮೊದಲೇ ಕಲ್ಲಾಗುವ ಚಳಿಯಲ್ಲೂ ಸ್ಪಿರಿದೋನ್ ಅಲ್ಲಿ ಬನಿಯನ್ ಹಾಕಿಕೊಂಡು ಚಹಾ ಕುಡಿಯುತ್ತಿರುತ್ತಾನೆ. ಹೊರಡುವ ಹಿಂದಿನ ದಿನ ಕಾರನ್ನು ಅಲ್ಲಿ ಬಿಟ್ಟರೆ ಬೆಳಿಗ್ಗೆ ಕೀಲಿ ತಿರುಗಿಸುವುದೇ ತಡ, ಎಂಜಿನ್ನು ಹಾಡುತ್ತದೆ. ಹೆಂಡತಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾಳೆ. ಆದ್ದರಿಂದ ಅವಳಿಗೆ ಹೇಳುವ ಹಾಗಿಲ್ಲ.

ಹಿಂದಿನ ಮಧ್ಯಾಹ್ನವೇ ಡಿಕ್ಕಿ ತುಂಬಲು ನಿಂತ. ಬೆಳಿಗ್ಗೆ ತುಂಬಿದರಾಯಿತು, ಬಾಲ್ಕನಿಯೇನು ಓಡಿಹೋಗುತ್ತದೆಯೇ ಎಂದಳು ಅಕುಲೀನಾ. ಡಿಪೋದಲ್ಲಿ ಹಿಂದಿನ ದಿನವೇ ಸಿದ್ಧವಾಗದ ಬಸ್ಸು ಮರುದಿನ ಹೊರಟದ್ದೇ ಇಲ್ಲ ಎಂದು ಅವನು ಉಪನ್ಯಾಸ ಕೊಟ್ಟ. ಉಪನ್ಯಾಸ ಕೇಳುವುದಕ್ಕಿಂತ ಮೀನು ಹೊರುವುದು ಸುಲಭವೆಂದು ಅವಳು ಡಿಕ್ಕಿಗೆ ಹೊಸ ಪ್ಲಾಸ್ಟಿಕ್ ಹಾಳೆ ಹಾಸಿ ಕೊಟ್ಟಳು. ಯಾವುದನ್ನೂ ಅವಳು ಮುಟ್ಟಕೂಡದು, ಜೋಡಿಸುವುದು ಒಂದು ಶಾಸ್ತ್ರ, ಎಂದು ಎಲ್ಲವನ್ನೂ ಅವನೇ ಜೋಡಿಸಿದ. ಮೇಲೆ, ಸುಕ್ಕಾಗದಿರಲಿ ಎಂದು, ಬೀಗರ ಮುಂದೆ ಕಟ್ಟಿಕೊಳ್ಳಲು ತಂದ ಪಟ್ಟೆ ಪಟ್ಟೆ ಟೈಯನ್ನು ಉದ್ದಕ್ಕೆ ಮಲಗಿಸಿದ. ಕಾರನ್ನು ಗಾಳಿ ತಾಗದ ಹಾಗೆ ಸ್ಕೂಲಿನ ಗೋಡೆಯ ಹಿಂದೆ ನಿಲ್ಲಿಸಿ ಬರುತ್ತೇನೆಂದು ಹೇಳಿ ನೇರ ಸ್ಪಿರಿದೋನನ ಗ್ಯಾರೇಜಿಗೆ ಹೊಡೆದ.

ಮರುದಿನ ಹೊರಡಲಾಗಲಿಲ್ಲ. ನಿಕಾಳಿಗೆಂದು ಅಕುಲೀನಾ ಜಿಂಕೆತೊಗಲಿನ ಬೂಟು ಹೊಲಿಯಲು ಕೊಟ್ಟಿದ್ದಳು. ಅದಕ್ಕೆ ಮಣಿ ಪೋಣಿಸುವವಳು ಇನ್ನೂ ಒಂದು ಕಾಲಿನದು ಮುಗಿದಿಲ್ಲ, ನಾಳೆ ಬನ್ನಿ ಅಂದಳಂತೆ. ಸೊಸೆಯಾಗುವವಳಿಗೆ ಒಂದು ಕಾಲಿನ ಬೂಟು ಕೊಡಲಾದೀತೇ? ಪ್ರೊಕೋಪಿ ಬಾಗಿಲು ಬಡಿದ, ಕುರ್ಚಿ ಒದ್ದ, ಒದ್ದ ಕಾಲು ಹಿಡಿದುಕೊಂಡು ಹೆಂಗಸರಿಂದ ದೇಶ ಹಾಳಾಯಿತು ಎಂದು ಕೂಗಿದ. ಅಷ್ಟೆಲ್ಲ ಕೂಗುವಾಗ ಒಂದೇ ಒಂದು ಸಮಾಧಾನ ಒಳಗೊಳಗೆ ಇತ್ತು. ಇರಲಿ, ಇನ್ನೊಂದು ದಿನ ಗ್ಯಾರೇಜಿನಲ್ಲಿ ಇದ್ದರೆ ಎಂಜಿನ್ನು ಇನ್ನಷ್ಟು ಬೆಚ್ಚಗಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಕಾರು ತರಲು ಹೋದಾಗ ಗ್ಯಾರೇಜಿನ ನೆಲವೆಲ್ಲ ಒದ್ದೆ. ಕಾರಿನ ಮೈಮೇಲಿನ ಹಿಮವೂ ಕರಗಿಹೋಗಿದೆ, ಆಹಾ ಎಂಥ ಶಾಖ, ಎಂದು ಪ್ರೊಕೋಪಿ ಹಿಗ್ಗಿದ. ಸ್ಪಿರಿದೋನನ ಬೆಕ್ಕು ಕಾರಿನ ಹಿಂಭಾಗದಲ್ಲಿ ನೆಲವನ್ನು ಬಹಳ ಭಕ್ತಿಯಿಂದ ನೆಕ್ಕುತ್ತಿತ್ತು. ಪಾಪ, ಬಾಯಾರಿಕೆ ಇರಬೇಕು ಎಂದುಕೊಂಡ. ಇಷ್ಟು ವರ್ಷ ಬಸ್ಸುಗಳನ್ನು ಹೊರಡಿಸಿದ ತಲೆ ಅದು.

ಕೀಲಿ ತಿರುಗಿಸಿದ್ದೇ ತಡ, ಎಂಜಿನ್ನು ಹಾಡಿತು. ಮನೆಯ ಮುಂದೆ ಹಾರ್ನ್ ಹೊಡೆದಾಗ ಅಕುಲೀನಾ ನಿಜಕ್ಕೂ ಬಾಯಿ ಬಿಟ್ಟಳು. ಅವನಿಗೆ ಮದುವೆಯಾದ ಮೇಲೆ ಅಷ್ಟು ಸಂತೋಷ ಆದದ್ದು ಅದೇ ಮೊದಲು. ಬೂಟಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಅವಳು ಎಡಗಡೆ ಕೂತಳು. ಹೆಪ್ಪುಗಟ್ಟಿದ ಲೇನಾ ನದಿಯ ಮೇಲೆ, ಮಂಜುಗಡ್ಡೆ ಒಡೆದರೆ ಹಾರಿಕೊಳ್ಳಲು ಸೀಟ್ ಬೆಲ್ಟು ಬಿಚ್ಚಿಕೊಂಡು, ಆಚೆ ದಡ ಸೇರಿದರು, ಅಲ್ಲಿಂದ ದಕ್ಷಿಣದ ಹೆದ್ದಾರಿ ಹಿಡಿದರು.

ಇಲ್ಲೊಂದು ಮಾತು ಹೇಳಲೇಬೇಕು. ಆ ಊರಿನ ಅರ್ಧ ಕಾರುಗಳ ಹಾಗೆ ಪ್ರೊಕೋಪಿಯದೂ ಜಪಾನಿನಿಂದ ಬಂದ ಹಳೇ ಕಾರು, ಸ್ಟೀರಿಂಗು ಬಲಕ್ಕೆ. ರಸ್ತೆಯಲ್ಲಿ ಓಡಿಸುವುದೂ ಬಲಕ್ಕೇ. ಹಾಗಾಗಿ ಮುಂದೆ ಲಾರಿ ಸಿಕ್ಕರೆ ಎದುರಿನಿಂದ ಏನು ಬರುತ್ತಿದೆ ಎಂದು ಓಡಿಸುವವನಿಗೆ ಕಾಣಿಸದು, ಎಡಗಡೆ ಕೂತವರು ನೋಡಿ ಹೇಳಬೇಕು. ಅಕುಲೀನಾ ಇಣುಕಿ "ಖಾಲಿ" ಎಂದರೆ ಅವನು ಮುನ್ನುಗ್ಗುವುದು, "ಬೇಡ" ಎಂದರೆ ಹಿಂದೆ ಉಳಿಯುವುದು. ಜೀವ ಅವಳ ನಾಲಗೆಯ ಮೇಲೆ. ಅಂದು ಬೆಳಿಗ್ಗೆ ಇಬ್ಬರೂ ಎಷ್ಟು ಚೆನ್ನಾಗಿದ್ದರೆಂದರೆ ದಾರಿಯ ಅರ್ಧ ಲಾರಿಗಳನ್ನು ಹಿಂದೆ ಹಾಕಿದರು. ಎಂಜಿನ್ನು ಹೇಗಿದೆ ಎಂದು ಅವನು ಐದಾರು ಸಲ ಕೇಳಿದ. ಚೆನ್ನಾಗಿದೆ ಎಂದು ಅವಳು ಐದಾರು ಸಲವೂ ಹೇಳಿದಳು.

ಮಧ್ಯಾಹ್ನ ಒಂದು ರಸ್ತೆಬದಿಯ ಹೋಟೆಲಿನ ಮುಂದೆ ನಿಲ್ಲಿಸಿದರು. ಮುಂದೆ ಘಾಟಿ ಬರುತ್ತದೆ, ದಾರಿಯ ದೇವತೆಗೆ ದೋಸೆ ಇಡಬೇಕು, ಅದಕ್ಕೆಂದೇ ಅಕುಲೀನಾ ಹುಯ್ದಿಟ್ಟ ದೋಸೆಯ ಚೀಲವೂ ಡಿಕ್ಕಿಯಲ್ಲಿದೆ. ಡಿಕ್ಕಿ ತೆರೆಯಲಿಲ್ಲ. ಪ್ರೊಕೋಪಿ ಗುದ್ದಿದ, ಒದ್ದ, ಕೊನೆಗೆ ಸ್ಪ್ಯಾನರ್ ಹಾಕಿ ಮೀಟಿದ. ಅದು ಕಿರುಚಿಕೊಂಡು ತೆರೆಯಿತು.

ಒಳಗೆ ಮೀನಿಲ್ಲ, ಮಾಂಸವಿಲ್ಲ, ಹಾಲಿಲ್ಲ. ಡಿಕ್ಕಿಯ ಆಕಾರದ್ದೇ ಒಂದು ದೊಡ್ಡ ಗುಲಾಬಿ ಬಣ್ಣದ ಹಲಗೆ ಇತ್ತು. ಎಲ್ಲವೂ ಕರಗಿ ಒಂದರೊಳಗೊಂದು ಹರಿದು, ಹೆದ್ದಾರಿಯ ಚಳಿಗೆ ಮತ್ತೆ ಕಲ್ಲಾಗಿತ್ತು. ಅದರೊಳಗಿಂದ ಚಿರ್ ಮೀನುಗಳು ಕಣ್ಣು ಬಿಟ್ಟುಕೊಂಡು ಪ್ರೊಕೋಪಿಯನ್ನೇ ನೋಡುತ್ತಿದ್ದವು. ಹಣ್ಣಿನ ಕೆಂಪು ಒಂದು ಕಡೆ, ಮಾಂಸದ ಕೆಂಪು ಇನ್ನೊಂದು ಕಡೆ, ದೋಸೆಗಳು ಒಂದು ಮೂಲೆಯಲ್ಲಿ, ನಡುವೆ ಉದ್ದಕ್ಕೆ ಟೈ.

 ಪ್ರೊಕೋಪಿಗೆ ಒಳಗೆ ಕುಸಿದ ಹಾಗಾಯಿತು, ಕುಸಿದದ್ದು ಕಾಣಬಾರದೆಂದು ಸಿಟ್ಟು ಮೇಲೆದ್ದು ಬಂತು. ಇದು ಅವನ ಹಳೇ ಅಭ್ಯಾಸ.

"ನಿನ್ನ ತಮ್ಮನ ಮೀನೇ ಸರಿ ಇರಲಿಲ್ಲ," ಎಂದ. "ಅರೆಬರೆ ಗಟ್ಟಿಯಾದ ಮಾಲು ಕಳಿಸಿದಾನೆ. ನಾನು ಆವತ್ತೇ ಅಂದ್ಕೊಂಡೆ."

"ಕಾರು ಎಲ್ಲಿತ್ತು ಮುದುಕಾ?"

"ಸ್ಕೂಲಿನ ಗೋಡೆ ಹಿಂದೆ. ನತಾಶಾ ಹೊದಿಸಿದ್ದೆ."

"ನತಾಶಾ ನಮ್ಮ ಬಚ್ಚಲು ಬಾಗಿಲಲ್ಲಿ ಬಿದ್ದಿದ್ಲು. ಎರಡು ದಿನದಿಂದ ನಾನು ಅವಳನ್ನ ದಾಟ್ಕೊಂಡೇ ಮುಖ ತೊಳ್ಯೋಕೆ ಹೋಗಿದೀನಿ."

 ಅಕುಲೀನಾಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದೇ ತಿರುವಿಗೆ ಎದ್ದ ಎಂಜಿನ್ನು, ಒಂದು ಚೂರೂ ಹಿಮವಿಲ್ಲದ ಗಾಜು, ಸ್ಪಿರಿದೋನನ ಬನಿಯನ್ನು, ಎಲ್ಲ ಅವಳ ತಲೆಯಲ್ಲಿ ಕೂಡಿಕೊಂಡವು. ರೈಲಿನಲ್ಲಿ ಮೀನು ಸಾರಾಗುತ್ತದೆ ಎಂದವನು ಯಾರು ಎಂದು ಕೇಳಿದಳು. ಆಗಲಾದರೂ ಒಪ್ಪಿಕೊಂಡಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪ್ರೊಕೋಪಿ ಒಪ್ಪಿಕೊಳ್ಳುವ ಜಾತಿಯಲ್ಲ.

"ಗ್ಯಾರೇಜಲ್ಲಿ ಇಟ್ರೆ ಏನಾಯ್ತು?" ಎಂದ. "ಒಳ್ಳೇ ಮೀನಾಗಿದ್ರೆ ಅಷ್ಟಕ್ಕೆಲ್ಲ ಕರಗ್ತಿತ್ತಾ? ನೀನೊಂದು ದಿನ ಬೂಟು ಬೂಟು ಅಂತ ತಡ ಮಾಡ್ದೆ, ನಿನ್ನ ತಮ್ಮ ಕೊಳೆತ ಮೀನು ಕಳಿಸ್ದ. ಅಕ್ಕ ತಮ್ಮ ಸೇರಿ ನನ್ನ ಮಾನ ಕಳೆದ್ರಿ."

ತಮ್ಮ ಬೆರಳು ಮರಗಟ್ಟಿಸಿಕೊಂಡು ಹಿಡಿದ ಮೀನು. ಅಕುಲೀನಾ ಅವನ ಮುಖವನ್ನೇ ನೋಡಿದಳು. ಡಿಕ್ಕಿಯ ಮುಚ್ಚಳ ಹಾಕಿದಳು, ಹೋಗಿ ಎಡಗಡೆ ಕೂತಳು, ಬೂಟಿನ ಪೊಟ್ಟಣ ತಬ್ಬಿಕೊಂಡು ಬಾಯಿ ಮುಚ್ಚಿದಳು.

ಆ ಬಾಯಿ ಅವನ ಜೊತೆ ಮಾತಿಗೆ ಮತ್ತೆ ತೆರೆಯಲಿಲ್ಲ. ಸ್ವಲ್ಪ ದೂರದಲ್ಲೇ ಕಲ್ಲಿದ್ದಲು ಕಂಪನಿಯ ಒಂದು ಖಾಲಿ ಲಾರಿ ಆನೆಯ ಹಾಗೆ ಮುಂದೆ ಹೋಗುತ್ತಿತ್ತು. ಖಾಲಿಯಾ ಎಂದು ಪ್ರೊಕೋಪಿ ಕೇಳಿದ. ಅಕುಲೀನಾ ಪೊಟ್ಟಣದ ಗಂಟು ಬಿಗಿದಳು. ರಸ್ತೆ ಖಾಲಿಯಾ ಎಂದು ಬಿಡಿಸಿ ಕೇಳಿದ. ಅವಳು ಕಿಟಕಿಯಾಚೆ ಮರಗಳನ್ನು ನೋಡಿದಳು. ತಾನೇ ಮೈ ಬಗ್ಗಿಸಿ ಅವಳ ತೊಡೆಯ ಮೇಲೆ ಅರ್ಧ ಮಲಗಿ ಇಣುಕಿದ, ಎದುರಿನಿಂದ ಬರುತ್ತಿದ್ದ ಬಸ್ಸಿನ ಹಾರ್ನಿಗೆ ಎದೆ ಬಾಯಿಗೆ ಬಂದು ವಾಪಸ್ಸು ಕೂತ. ಲಾರಿ ಹಿಮದ ಪುಡಿ ಎರಚುತ್ತ ಹೋಯಿತು, ಪ್ರೊಕೋಪಿ ಅದರ ಹಿಂದೆ ಹೋದ. ಇದ್ದಬದ್ದ ಬೈಗುಳವನ್ನೆಲ್ಲ ಲಾರಿಗೆ ಬೈದ, ಲಾರಿ ಮಾಡಿದ ಕಾರ್ಖಾನೆಗೆ ಬೈದ, ಸ್ಟೀರಿಂಗು ಬಲಗಡೆ ಇಟ್ಟ ಜಪಾನಿಗೆ ಬೈದ. ಹೆಂಡತಿಗೆ ಮಾತ್ರ ಬೈಯಲಿಲ್ಲ, ಧೈರ್ಯ ಸಾಲಲಿಲ್ಲ.

ಘಾಟಿಯಲ್ಲಿ ಅವಳು ಇಳಿದು, ದೋಸೆ ಸಿಗದ್ದಕ್ಕೆ ಹೋಟೆಲಿನ ರೊಟ್ಟಿ ತುಂಡೊಂದನ್ನು ಹಿಮದ ಮೇಲಿಟ್ಟು, ಜೋರಾಗಿಯೇ ಬೇಡಿಕೊಂಡಳು. ಮಗನಿಗೆ ಒಳ್ಳೆಯದಾಗಲಿ, ಹುಡುಗಿಗೆ ಒಳ್ಳೆಯದಾಗಲಿ, ಇಂದಿಗಿರ್ಕಾದ ತಮ್ಮನಿಗೆ ಒಳ್ಳೆಯದಾಗಲಿ, ಮುಂದೆ ಹೋದ ಲಾರಿಯ ಡ್ರೈವರಿಗೂ ಒಳ್ಳೆಯದಾಗಲಿ. ಪ್ರೊಕೋಪಿ ಕಿಟಕಿ ಇಳಿಸಿಕೊಂಡು ಕೊನೆಯವರೆಗೂ ಕೇಳಿಸಿಕೊಂಡ. ಅವನ ಹೆಸರು ಬರಲಿಲ್ಲ.

ನೆರ್ಯುಂಗ್ರಿ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಗೆನ್ನಾದಿ ಕೋಟಿನ ಗುಂಡಿಯನ್ನೂ ಹಾಕದೆ ಕೆಳಗೆ ಓಡಿಬಂದು ಅಪ್ಪಿಕೊಂಡ. ಡಿಕ್ಕಿ ನಾವು ಖಾಲಿ ಮಾಡುತ್ತೇವೆ, ನೀವು ಮೇಲೆ ಹೋಗಿ ಎಂದು ದುಲುಸ್ತಾನನನ್ನು ಕರೆದುಕೊಂಡು ಕಾರಿನತ್ತ ನಡೆದ.  ಮೆಟ್ಟಿಲ ಮೇಲೆ ಅಕುಲೀನಾ ಅಷ್ಟು ಹೊತ್ತಿನ ಮೇಲೆ ಮೊದಲ ಸಲ ಅವನೊಡನೆ ಮಾತಾಡಿದಳು, ಮೆಲ್ಲಗೆ.

"ಎರಡರಲ್ಲಿ ಒಂದು ಮಾಡು. 'ನಾನೇ ಗ್ಯಾರೇಜಲ್ಲಿಟ್ಟು ಕೆಡಿಸ್ದೆ, ನನ್ನ ಭಾಮೈದನ ಮೀನು ಚಿನ್ನದಂಥದ್ದು' ಅಂತ ಎಲ್ಲರ ಮುಂದೆ ಹೇಳು. ಇಲ್ಲಾ, ನಾನು ಏನು ಹೇಳ್ತೀನೋ ಅದಕ್ಕೆ ತಲೆ ಆಡಿಸು."

ತಲೆ ಆಡಿಸುತ್ತೇನೆ ಎಂದ ಪ್ರೊಕೋಪಿ. ಬೀಗರ ಮುಂದೆ ಗ್ಯಾರೇಜಿನ ಸುದ್ದಿ ಎತ್ತುವುದಕ್ಕಿಂತ ಸಾಯುವುದೇ ಮೇಲು ಎಂದು ಅವನಿಗೆ ಅನ್ನಿಸಿತ್ತು.

ಒಳಗೆ ಮೇಜಿನ ಮೇಲೆ ಹೂವಿನ ಬಟ್ಟೆ, ಒಂದು ರೊಟ್ಟಿ, ಒಂದು ಬಟ್ಟಲು ಉಪ್ಪು, ವೋಡ್ಕಾ. ಮತ್ತೇನಿಲ್ಲ. ನೀವು ಬೇಡ ಅಂದಿರಂತೆ, ನಾವು ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದೇವೆ ಎಂದು ನಿಕಾಳ ತಾಯಿ ತಮಾರಾ ನಗುತ್ತಾ ಹೇಳಿದಳು. ಹುಡುಗಿ ಬೂಟು ಹಾಕಿಕೊಂಡು ಕುಣಿದಾಡಿದಳು. ಅಷ್ಟರಲ್ಲಿ ಗೆನ್ನಾದಿ ಗಣಿಯ ಹಾರೆಯಿಂದ ಮೀಟಿ ತೆಗೆದ ಗುಲಾಬಿ ಹಲಗೆಯ ಒಂದು ದೊಡ್ಡ ತುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟ. ಎಲ್ಲರೂ ನೋಡಿದರು. ದುಲುಸ್ತಾನ್ ಸಖಾ ಹುಡುಗ, ಅವನಿಗೆ ಅರ್ಥವಾಗಿತ್ತು. ಬಾಯಿ ತೆರೆಯುವಷ್ಟರಲ್ಲಿ ತಾಯಿಯ ಕಣ್ಣು ನೋಡಿ ಮುಚ್ಚಿಕೊಂಡ.

"ಇದಕ್ಕೆ ಏನಂತಾರೆ ಬೀಗಿತ್ತಿ?" ಎಂದ ಗೆನ್ನಾದಿ ಮರ್ಯಾದೆಯಿಂದ. ಬೇರೆಯವರ ಪದ್ಧತಿಯನ್ನು ಅವಮಾನಿಸಬಾರದು ಎಂದು ಅವನ ಮುಖದ ಮೇಲೆ ಬರೆದಿತ್ತು.

"ಹೆಸರು ಇವರೇ ಇಡಬೇಕು," ಎಂದಳು ಅಕುಲೀನಾ. "ನಮ್ಮ ಯಜಮಾನರು ಸ್ವಂತ ಕೈಯಾರೆ ಮಾಡಿದ್ದು. ಎರಡು ದಿನ ಹಿಡೀತು. ನನಗೆ ಮುಟ್ಟೋಕೂ ಬಿಡಲಿಲ್ಲ, ಹೇಗೆ ಮಾಡ್ತಾರೆ ಅಂತ ಹೇಳಲೂ ಇಲ್ಲ."

ಯಜಮಾನರು. ಮುದುಕಾ ಎಂದಲ್ಲದೆ ಬೇರೆ ಕರೆದವಳಲ್ಲ. ಬಹುವಚನ ಕೇಳಿ ಪ್ರೊಕೋಪಿಯ ಬೆನ್ನುಹುರಿಯಲ್ಲಿ ನಿಜವಾದ ಚಳಿ ಹುಟ್ಟಿತು. ಒಪ್ಪಂದದ ಪ್ರಕಾರ ತಲೆ ಆಡಿಸಿದ.

ಗೆನ್ನಾದಿ ಚಾಕುವಿನಿಂದ ತೆಳ್ಳಗೆ ಹೆರೆದ. ನಡುವೆ ಚಾಕು ಸಿಕ್ಕಿಕೊಂಡಿತು. ಈ ಪಟ್ಟೆ ಪಟ್ಟೆಯದೂ ತಿನ್ನುವುದೇ ಎಂದು ಕೇಳಿದ. ಅದು ಅಲಂಕಾರಕ್ಕೆ ಎಂದಳು ಅಕುಲೀನಾ. ಗಣಿಯ ಮನುಷ್ಯ, ಹೆದರುವವನಲ್ಲ. ಮೊದಲ ಚೂರು ಅವನೇ ಬಾಯಿಗಿಟ್ಟ. ಮೀನು, ಹಾಲು, ಕುದುರೆ, ಸಿಹಿ ಎಲ್ಲ ಒಟ್ಟಿಗೆ ಗಂಟಲಿಗೆ ಇಳಿಯುವಾಗ ಅವನ ಕಣ್ಣಲ್ಲಿ ನೀರು ಬಂತು. ವೋಡ್ಕಾ ಹುಯ್ದುಕೊಂಡು ತಳ್ಳಿದ. ಇಂಥದ್ದು ಜನ್ಮದಲ್ಲಿ ತಿಂದಿಲ್ಲ ಎಂದ. ಸುಳ್ಳು ಹೇಳಲಿಲ್ಲ. ತಮಾರಾ ತಿಂದಳು, ನಿಕಾ ತಿಂದಳು, ಎಲ್ಲರೂ ಬೀಗತನದ ಮೇಲಿನ ಆಸೆಯಿಂದ ತಿಂದರು. ಮಾಡಿದವರೇ ತಿನ್ನುತ್ತಿಲ್ಲವಲ್ಲ ಎಂದು ತಮಾರಾ ಪ್ರೊಕೋಪಿಯ ತಟ್ಟೆ ತುಂಬಿದಳು. ಅವನು ತಿಂದ. ಸ್ಪಿರಿದೋನನ ಬೆಕ್ಕಿನ ನೆನಪಾಗಿ ಸಿಟ್ಟು ನೆತ್ತಿಗೇರಿತು, ಆದರೂ ತಿಂದ.

ಗೆನ್ನಾದಿ ಎದ್ದು ನಿಂತು ಲೋಟ ಎತ್ತಿದ. ಹುಡುಗಿಯನ್ನು ಕೊಟ್ಟೆ ಎಂದ. ಮಗನಿಗಾಗಿ ಸ್ವಂತ ಕೈಯಿಂದ ಎರಡು ದಿನ ದುಡಿದ ಅಪ್ಪನ ಮನೆಗೆ ಮಗಳನ್ನು ಕಣ್ಣು ಮುಚ್ಚಿ ಕೊಡಬಹುದು ಎಂದ. ಮದುವೆಗೆ ಗಣಿಯವರೆಲ್ಲ ಬರುತ್ತಾರೆ, ಎಲ್ಲರಿಗೂ ಬೀಗರ ಕೈಯದೇ ಇದು ಆಗಬೇಕು, ಇಲ್ಲ ಅನ್ನಬಾರದು ಎಂದ. ಆಗಲಿ ಎಂದಳು ಅಕುಲೀನಾ. ಪ್ರೊಕೋಪಿ ತಲೆ ಆಡಿಸಿದ.

ಎಲ್ಲ ಮುಗಿಯಿತು ಎಂದು ಅವನು ಉಸಿರು ಬಿಡುವಷ್ಟರಲ್ಲಿ ಅಕುಲೀನಾ ಒಂದು ಮೀನಿನ ತಲೆಯ ಭಾಗ ಹುಡುಕಿ ಅವನ ತಟ್ಟೆಗೆ ಹಾಕಿದಳು. "ಎಲ್ಲಾ ಇವರೇ ಮಾಡಿದ್ದು, ಮೀನು ಮಾತ್ರ ನನ್ನ ತಮ್ಮನದು," ಎಂದಳು ಎಲ್ಲರಿಗೂ ಕೇಳುವ ಹಾಗೆ. "ಪಾಪ, ನದೀಲಿ ಬೆರಳು ಮರಗಟ್ಟಿಸ್ಕೊಂಡು ಹಿಡಿದ. ಹೇಗಿದೆ ಮೀನು? ನೀವೇ ಹೇಳಿ."

ಮೇಜಿನ ಸುತ್ತ ಎಲ್ಲರೂ ಅವನ ಬಾಯನ್ನೇ ನೋಡಿದರು. ಮಗನೂ ನೋಡಿದ.

"ಒಳ್ಳೇ ಮೀನು," ಎಂದ ಪ್ರೊಕೋಪಿ.

ಅಕುಲೀನಾ ಕಿವಿಯ ಹತ್ತಿರ ಕೈ ಇಟ್ಟುಕೊಂಡಳು.

"ಚಿನ್ನದಂಥ ಮೀನು," ಎಂದು ಪ್ರೊಕೋಪಿ ಮೇಜು ಗುದ್ದಿ ಅರಚಿದ, ಮೈಯೆಲ್ಲ ಸಿಟ್ಟಿನಿಂದ ನಡುಗುತ್ತಿತ್ತು. ಗೆನ್ನಾದಿ ಅದನ್ನು ಸಂತೋಷವೆಂದೇ ತಿಳಿದು, ಅವನ ಹೆಗಲು ತಬ್ಬಿಕೊಂಡು, ಇನ್ನೊಂದು ದೊಡ್ಡ ಚೂರು ಹೆರೆದು ಅವನ ತಟ್ಟೆಗೆ ಹಾಕಿದ.